ಹದಿಮೂರು ದಿನಗಳ ಅಂತರದಲ್ಲಿ ಎರಡು ಕ್ರಿಸ್‌ಮಸ್

ಇಥಿಯೋಪಿಯಾದ ಉತ್ತರ ಮತ್ತು ಮಧ್ಯಭಾಗದ ಎತ್ತರದ ನಾಡಿನಲ್ಲಿ ವಾಸಿಸುವವರ ಬಹುಭಾಗ ಕ್ರೈಸ್ತರು. ಆಕ್ಸುಮಿನ ದೊರೆ ಏಜಾನಾ ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗಿನಿಂದ, ಅಂದರೆ ಉತ್ತರ ಯುರೋಪಿನ ಹಲವು ನಾಡುಗಳಿಗೆ ಆ ಮತ ಕಾಲಿಡುವುದಕ್ಕೆ ಶತಮಾನಗಳ ಮೊದಲಿನಿಂದಲೇ, ಅದು ಅಲ್ಲಿ ಬೇರೂರಿದೆ. ಹಾಗಿದ್ದೂ ಡಿಸೆಂಬರ್ 25 ಅಲ್ಲಿಯ ಹಳ್ಳಿಗಳಲ್ಲಿ ಮಾಮೂಲು ಕೆಲಸದ ದಿನ: ಶಾಲೆ ನಡೆಯುತ್ತದೆ, ವಾರದ ಸಂತೆ ಆ ದಿನವೇ ಬಿದ್ದರೆ ಸಂತೆ ಕೂಡುತ್ತದೆ, ಕಟಾವು ಮುಗಿದ ಹೊಲಗಳ ಪಕ್ಕದ ಕಣದಲ್ಲಿ ಎತ್ತುಗಳು ತೆನೆ ತುಳಿಯುತ್ತಿರುತ್ತವೆ, ಮನೆಮನೆಗಳಲ್ಲಿ ಉಪವಾಸದ ಅಡುಗೆ ಬೇಯುತ್ತಿರುತ್ತದೆ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಜಪಾನಿನಿಂದಲೋ ಎರಡು ವರ್ಷದ ಸೇವೆಗೆಂದು ಬಂದು ಅಂಥ ಹಳ್ಳಿಯಲ್ಲಿ ನೆಲೆಸಿದ ಸ್ವಯಂಸೇವಕರಿಗೆ, ಅದರಲ್ಲೂ ಕ್ರೈಸ್ತ ಮನೆತನದಲ್ಲಿ ಬೆಳೆದವರಿಗೆ, ತಮ್ಮ ಹಬ್ಬ ಯಾರ ಗಮನಕ್ಕೂ ಬಾರದೆ ಕಳೆದುಹೋಗುವ ಈ ದಿನ ಒಂದು ಪರೀಕ್ಷೆ. ಹದಿಮೂರು ದಿನಗಳ ತರುವಾಯ ಜನವರಿ 7ರಂದು ಊರಿಗೆ ಊರೇ ಕ್ರಿಸ್ತಜಯಂತಿಯನ್ನು ಆಚರಿಸುವಾಗ ಅವರಿಗೆ ಎದುರಾಗುವುದು ಇನ್ನೊಂದು ಬಗೆಯ ಪರೀಕ್ಷೆ, ಮತ್ತು ಬಹುಶಃ ಹೆಚ್ಚು ಕಠಿಣವಾದದ್ದು. ಏಕೆಂದರೆ ಸಹಾಯ ಮಾಡಲೆಂದು ಬಂದವರು ಆ ದಿನ ಯಾರಿಗೂ ಯಾವ ಸಹಾಯವನ್ನೂ ಮಾಡಲಾಗದೆ, ಬಡಿಸಿದ್ದನ್ನು ಉಣ್ಣುವ ಅತಿಥಿಗಳಾಗಿ ಕುಳಿತಿರಬೇಕಾಗುತ್ತದೆ.

ದಿನಾಂಕದ ಈ ವ್ಯತ್ಯಾಸಕ್ಕೆ ಮತಸಿದ್ಧಾಂತದ ಜಗಳ ಕಾರಣವಲ್ಲ, ಪಂಚಾಂಗದ ಲೆಕ್ಕ ಕಾರಣ. ಇಥಿಯೋಪಿಯಾದ ಪಂಚಾಂಗದಲ್ಲಿ ತಲಾ 30 ದಿನಗಳ ಹನ್ನೆರಡು ತಿಂಗಳುಗಳೂ, ಅವುಗಳ ಕೊನೆಗೆ ಪಾಗುಮೆ ಎಂಬ ಐದು ದಿನಗಳ, ಅಧಿಕವರ್ಷದಲ್ಲಾದರೆ ಆರು ದಿನಗಳ, ಹದಿಮೂರನೆಯ ಪುಟ್ಟ ತಿಂಗಳೂ ಇವೆ. ಹೊಸ ವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ 11ರಂದು ಶುರುವಾಗುತ್ತದೆ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನವನ್ನು ಸೇರಿಸುವ ಹಳೆಯ ಜೂಲಿಯನ್ ನಿಯಮವನ್ನೇ ಇದು ಪಾಲಿಸುತ್ತದೆ. 1582ರಲ್ಲಿ ರೋಮಿನ ಪೋಪ್ ಗ್ರೆಗರಿ ತಿದ್ದಿದ ಪಂಚಾಂಗ, ಶತಮಾನದ ವರ್ಷಗಳಲ್ಲಿ ನಾಲ್ಕುನೂರರಿಂದ ಭಾಗವಾಗದವುಗಳಿಗೆ ಅಧಿಕ ದಿನವನ್ನು ಕೊಡದ ಕಾರಣ, ಎರಡರ ನಡುವೆ ಈಗ 13 ದಿನಗಳ ಅಂತರ ಬಿದ್ದಿದೆ. 2100ರಲ್ಲಿ ಅದು 14 ಆಗುತ್ತದೆ. ಕ್ರಿಸ್ತಜಯಂತಿ ಅಲ್ಲಿಯ ತಾಹ್ಸಾಸ್ ತಿಂಗಳ 29ನೆಯ ದಿನ, ಅಧಿಕವರ್ಷದ ಮರುವರ್ಷ ಮಾತ್ರ 28ನೆಯ ದಿನ ಬರುತ್ತದೆ. ಇಸವಿಯ ಎಣಿಕೆಯೂ ಬೇರೆ: ಕ್ರಿಸ್ತನ ಅವತಾರದ ಕಾಲವನ್ನು ಲೆಕ್ಕಹಾಕುವ ಕ್ರಮವೇ ಬೇರೆಯಾದ್ದರಿಂದ ನಮಗೆ 2025ರ ಜನವರಿ 7 ಆದದ್ದು ಅವರಿಗೆ 2017ರ ತಾಹ್ಸಾಸ್ 29. ಇದರ ಜೊತೆಗೆ ಗಡಿಯಾರವನ್ನೂ ಅವರು ಸೂರ್ಯೋದಯದಿಂದ ಎಣಿಸುವುದರಿಂದ, ಹಳ್ಳಿಯವರು ಒಂದು ಗಂಟೆಗೆ ಬನ್ನಿ ಎಂದರೆ ಬೆಳಗಿನ ಏಳಕ್ಕೆ ಬನ್ನಿ ಎಂದರ್ಥ. ಹೊಸದಾಗಿ ಬಂದವರಲ್ಲಿ ಈ ಲೆಕ್ಕಕ್ಕೆ ಒಮ್ಮೆಯಾದರೂ ಸಿಕ್ಕಿಬೀಳದವರು ವಿರಳ.

ಇಲ್ಲಿ ಸ್ವಯಂಸೇವಕ ಎಂದರೆ ರಜೆಯಲ್ಲಿ ಎರಡು ವಾರ ಬಂದು ಗೋಡೆಗೆ ಬಣ್ಣ ಬಳಿದು ಹೋಗುವವನಲ್ಲ. ಸಂಬಳವಿಲ್ಲದೆ, ಸ್ಥಳೀಯ ಜನರ ಮಟ್ಟದಲ್ಲಿ ಬದುಕುವುದಕ್ಕೆ ಸಾಕಾಗುವ ಜೀವನಭತ್ಯೆಯನ್ನು ಮಾತ್ರ ಪಡೆದು, ಅಲ್ಲಿಯ ಭಾಷೆಯನ್ನು ಕಲಿತು, ಒಂದೆರಡು ವರ್ಷ ಅಲ್ಲಿಯೇ ಇರುವವರು ಎಂಬ ಅರ್ಥದಲ್ಲಿ ಈ ಪದ ಎರಡನೆಯ ಮಹಾಯುದ್ಧದ ನಂತರ ರೂಢಿಗೆ ಬಂತು. ಬ್ರಿಟನ್ನಿನಲ್ಲಿ ಅಲೆಕ್ ಮತ್ತು ಮೋರಾ ಡಿಕ್ಸನ್ ದಂಪತಿ 1958ರಲ್ಲಿ ವಿಎಸ್‌ಒ ಸಂಸ್ಥೆಯನ್ನು ಹುಟ್ಟುಹಾಕಿದರು. 1961ರ ಮಾರ್ಚ್ 1ರಂದು ಅಧ್ಯಕ್ಷ ಕೆನಡಿ ಹೊರಡಿಸಿದ ಆದೇಶದಿಂದ ಅಮೆರಿಕದ ಪೀಸ್ ಕೋರ್ ಆರಂಭವಾಯಿತು. ಜಪಾನ್ 1965ರಲ್ಲಿ ತನ್ನದೇ ಯುವದಳವನ್ನು ಕಟ್ಟಿತು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಗೆ 1970ರಲ್ಲಿ ಮಹಾಸಭೆಯ ಒಪ್ಪಿಗೆ ದೊರೆಯಿತು. ಪೀಸ್ ಕೋರ್ ಭಾರತದಲ್ಲಿಯೂ 1961ರಿಂದ 1976ರವರೆಗೆ ಕೆಲಸ ಮಾಡಿತು, ಆಗಿನ ಮೈಸೂರು ರಾಜ್ಯಕ್ಕೂ ಅದರ ತರುಣ ತರುಣಿಯರು ಬಂದು ಕನ್ನಡ ಕಲಿತಿದ್ದರು.

ಇಥಿಯೋಪಿಯಾಕ್ಕೆ ಪೀಸ್ ಕೋರ್ ಬಂದದ್ದು 1962ರಲ್ಲಿ. ಮುಂದೆ ಅಮೆರಿಕದ ಸೆನೆಟಿನ ಸದಸ್ಯರಾದ ಹ್ಯಾರಿಸ್ ವಾಫರ್ಡ್ ಅವರ ನೇತೃತ್ವದಲ್ಲಿ 270ಕ್ಕೂ ಹೆಚ್ಚು ಜನರ ಮೊದಲ ತಂಡ ಅಡಿಸ್ ಅಬಾಬಾಕ್ಕೆ ಬಂದಿಳಿದು, ಚಕ್ರವರ್ತಿ ಹೈಲೆ ಸೆಲಾಸಿಯ ಸ್ವಾಗತ ಪಡೆದು, ಪ್ರಾಂತಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಲು ಹಂಚಿಹೋಯಿತು. ಆ ಕಾಲದಲ್ಲಿ ಪ್ರೌಢಶಾಲೆಗಳು ಇದ್ದದ್ದು ಪಟ್ಟಣಗಳಲ್ಲಿ ಆದ್ದರಿಂದ, ನಿಜವಾದ ಅರ್ಥದಲ್ಲಿ ಹಳ್ಳಿಯ ವಾಸ ಅನೇಕರಿಗೆ ದಕ್ಕಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1974ರ ಕ್ರಾಂತಿ ಚಕ್ರವರ್ತಿಯನ್ನು ಇಳಿಸಿದ ಮೇಲೆ, 1977ರಲ್ಲಿ, ಕಾರ್ಯಕ್ರಮ ನಿಂತಿತು. 1995ರಲ್ಲಿ ಮತ್ತೆ ಆರಂಭವಾಗಿ, ಎರಿಟ್ರಿಯಾದೊಡನೆ ನಡೆದ ಯುದ್ಧದಿಂದಾಗಿ ಕೆಲವೇ ವರ್ಷಗಳಲ್ಲಿ ಪುನಃ ನಿಂತು, 2007ರಲ್ಲಿ ಮೂರನೆಯ ಸಲ ಶುರುವಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಹರಡಿದಾಗ ಜಗತ್ತಿನೆಲ್ಲೆಡೆಯಿಂದ ಸುಮಾರು ಏಳು ಸಾವಿರ ಸ್ವಯಂಸೇವಕರನ್ನು ಏಕಕಾಲಕ್ಕೆ ಹಿಂದಕ್ಕೆ ಕರೆಸಿಕೊಂಡದ್ದು ಆ ಸಂಸ್ಥೆಯ ಚರಿತ್ರೆಯಲ್ಲೇ ಮೊದಲು.

ಹಬ್ಬಕ್ಕೆ ಊರಿಗೆ ಹೋಗಿ ಬಂದರಾಗದೇ ಎಂದು ಕೇಳಬಹುದು. ನಿಯಮಗಳು ಅದಕ್ಕೆ ಅನುಕೂಲವಾಗಿಲ್ಲ, ಅದೂ ಬೇಕೆಂದೇ. ಪೀಸ್ ಕೋರಿನ ಸೇವಾವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಒಂದು ಸ್ಥಳೀಯ ಕುಟುಂಬದೊಡನೆ ಇದ್ದು ಪಡೆಯುವ ತರಬೇತಿ, ಉಳಿದ ಎರಡು ವರ್ಷ ನಿಯೋಜಿತ ಊರಿನಲ್ಲಿ ಕೆಲಸ. ರಜೆ ತಿಂಗಳಿಗೆ ಎರಡು ದಿನದಂತೆ ಕೂಡುತ್ತ ಹೋಗುತ್ತದೆ, ಊರಿಗೆ ಬಂದ ಮೊದಲ ತಿಂಗಳುಗಳಲ್ಲಿ ಅದನ್ನು ಬಳಸುವಂತಿಲ್ಲ. ಹೊಸಬರು ನೆರೆಹೊರೆಯವರ ಗುರುತು ಮಾಡಿಕೊಳ್ಳುವ ಮೊದಲೇ ಹೊರಗೆ ಓಡಾಡತೊಡಗಿದರೆ ಊರು ಅವರನ್ನು ಎಂದೂ ತನ್ನವರೆಂದು ಎಣಿಸುವುದಿಲ್ಲ ಎಂಬುದು ಇದರ ಹಿಂದಿನ ವಿವೇಕ. ಹೀಗಾಗಿ ಮೊದಲ ವರ್ಷದ ಡಿಸೆಂಬರಿನಲ್ಲಿ ಭಾಷೆ ಅರ್ಧಂಬರ್ಧ ಬರುವ, ಯಾರ ಮನೆಗೆ ಕರೆಯದೆ ಹೋಗಬಹುದೆಂದು ಇನ್ನೂ ತಿಳಿಯದ ಸ್ಥಿತಿಯಲ್ಲಿ ಅವರು ಊರಲ್ಲೇ ಉಳಿಯುತ್ತಾರೆ, ಇಲ್ಲವೇ ಸುತ್ತಲಿನ ಊರುಗಳಲ್ಲಿರುವ ಇತರ ಸ್ವಯಂಸೇವಕರೊಡನೆ ಒಂದು ಪಟ್ಟಣದಲ್ಲಿ ಸೇರಿ ಒಂದು ರಾತ್ರಿ ತಮ್ಮ ನಾಡಿನ ಅಡುಗೆ ಮಾಡಿಕೊಂಡು ಹಿಂದಿರುಗುತ್ತಾರೆ.

ಆ ಅಡುಗೆಗೂ ತೊಡಕಿದೆ. ನವೆಂಬರ್ ಕೊನೆಯ ವಾರದಿಂದ ಹಬ್ಬದ ಮುನ್ನಾದಿನದವರೆಗೆ ಸುಮಾರು 43 ದಿನ ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ‘ಪ್ರವಾದಿಗಳ ಉಪವಾಸ’ದ ಕಾಲ. ಉಪವಾಸವೆಂದರೆ ಏನೂ ತಿನ್ನದಿರುವುದಲ್ಲ: ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟದೆ, ಕಟ್ಟುನಿಟ್ಟಿನವರಾದರೆ ಮಧ್ಯಾಹ್ನ ಕಳೆಯುವವರೆಗೆ ನೀರನ್ನೂ ಕುಡಿಯದೆ, ಆಮೇಲೆ ಕಾಳುಬೇಳೆ ಸೊಪ್ಪುಗಳ ಊಟ ಮಾಡುವುದು. ಇದಲ್ಲದೆ ಪ್ರತಿ ಬುಧವಾರ ಮತ್ತು ಶುಕ್ರವಾರ, ಈಸ್ಟರಿಗೆ ಮುಂಚಿನ ಐವತ್ತೈದು ದಿನ, ಆಗಸ್ಟಿನಲ್ಲಿ ಮರಿಯಳ ಹೆಸರಿನ ಎರಡು ವಾರ, ಹೀಗೆ ವರ್ಷದ ಅರ್ಧದಷ್ಟು ದಿನ ಸಾಮಾನ್ಯ ಗೃಹಸ್ಥರೂ ಈ ವ್ರತದಲ್ಲಿರುತ್ತಾರೆ, ಪಾದ್ರಿಗಳು ಇನ್ನೂ ಹೆಚ್ಚು. ಪರಿಣಾಮವಾಗಿ ಆ ನಾಡು ಕಡಲೆ ಬಟಾಣಿಗಳ ಹಿಟ್ಟಿನಿಂದ ಮಾಡುವ ಶಿರೊ, ಮಸೂರ ಬೇಳೆಯ ಖಾರದ ಗೊಜ್ಜು, ಸೊಪ್ಪಿನ ಪಲ್ಯಗಳನ್ನು ಅತಿಸೂಕ್ಷ್ಮವಾದ ಪಾಕಕಲೆಯಾಗಿ ಬೆಳೆಸಿದೆ. ಭಾರತದಿಂದ ಹೋದ ಸಸ್ಯಾಹಾರಿಗಳು ಆಫ್ರಿಕದ ಬೇರಾವ ಪ್ರದೇಶಕ್ಕಿಂತಲೂ ಇಲ್ಲಿ ನೆಮ್ಮದಿಯಾಗಿ ಉಣ್ಣಬಲ್ಲರು. ಪಶ್ಚಿಮದ ಸ್ವಯಂಸೇವಕರಿಗೋ ಡಿಸೆಂಬರ್ 25ರಂದು ಊರಿನ ಮಾಂಸದಂಗಡಿ ಮುಚ್ಚಿರುತ್ತದೆ, ಮೊಟ್ಟೆ ಒಡೆದು ಕೇಕಿಗೆ ಹಿಟ್ಟು ಕಲಸುವ ಕೆಲಸವನ್ನು ವ್ರತದಲ್ಲಿರುವ ನೆರೆಮನೆಯವರ ಕಣ್ಣೆದುರು ಮಾಡಬೇಕಾಗುತ್ತದೆ. ಅವರು ಆಕ್ಷೇಪಿಸುವುದಿಲ್ಲ, ಪರದೇಶದವರಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಅವರೇ ಹೇಳುತ್ತಾರೆ. ಆದರೆ ನಿಯಮ ಅನ್ವಯಿಸದವರು ಎಂದಾಗುವುದೇ ಹೊರಗಿನವರಾಗಿ ಉಳಿಯುವ ಸುಲಭದ ದಾರಿ ಎಂಬುದು ಅಲ್ಲಿ ಕೆಲವು ತಿಂಗಳು ಕಳೆದವರಿಗೆ ಅರಿವಾಗದಿರದು. ಅನೇಕರು ಮತಶ್ರದ್ಧೆಯಿಂದಲ್ಲದಿದ್ದರೂ ಸಹವಾಸಕ್ಕಾಗಿ ಉಪವಾಸ ಹಿಡಿಯುವುದು ಈ ಕಾರಣಕ್ಕೆ.

ಹಬ್ಬವನ್ನು ಅಲ್ಲಿಯವರು ಗೆನ್ನಾ ಎಂದೂ, ಚರ್ಚಿನ ಮಾತಿನಲ್ಲಿ ಲಿದೆತ್ ಎಂದೂ ಕರೆಯುತ್ತಾರೆ. ಅದು ಮೊದಲಾಗುವುದು ಮುನ್ನಾ ಇರುಳಿನ ಪೂಜೆಯಿಂದ. ಇಥಿಯೋಪಿಯಾದ ಆರ್ಥೊಡಾಕ್ಸ್ ತೆವಾಹೆದೊ ಸಭೆ, 451ರ ಚಾಲ್ಸಿಡನ್ ಮಹಾಸಭೆಯ ನಿರ್ಣಯವನ್ನು ಒಪ್ಪದೆ ಬೇರೆಯಾದ ಪ್ರಾಚ್ಯ ಸಭೆಗಳಲ್ಲೊಂದು. ಶತಮಾನಗಳ ಕಾಲ ಈಜಿಪ್ಟಿನ ಕಾಪ್ಟಿಕ್ ಸಭೆಯಿಂದ ಬಿಷಪ್ಪನನ್ನು ಪಡೆಯುತ್ತಿದ್ದ ಅದು 1959ರಲ್ಲಿ ಸ್ವತಂತ್ರ ಪಿತೃಪ್ರಧಾನರನ್ನು ಪಡೆಯಿತು. ಹಳ್ಳಿಯ ಚರ್ಚು ಹೆಚ್ಚಾಗಿ ದುಂಡಗಿನ ಕಟ್ಟಡವಾಗಿದ್ದು, ಸುತ್ತ ಕಡಿಯದೆ ಉಳಿಸಿದ ಮರಗಳ ತೋಪು ಇರುತ್ತದೆ. ಒಳಗೆ ಒಂದರೊಳಗೊಂದು ಮೂರು ಆವರಣಗಳು: ಹೊರಗಿನದರಲ್ಲಿ ಹಾಡುವವರು, ನಡುವಿನದರಲ್ಲಿ ಪ್ರಸಾದ ಸ್ವೀಕರಿಸುವವರು, ಪಾದ್ರಿಗಳಷ್ಟೇ ಹೋಗಬಹುದಾದ ಒಳಗಿನದರಲ್ಲಿ ತಾಬೋತ್, ಅಂದರೆ ಮೋಶೆಯ ಧರ್ಮಶಾಸನದ ಹಲಗೆಗಳನ್ನು ಪ್ರತಿನಿಧಿಸುವ ಪವಿತ್ರ ಫಲಕ. ಜನರು ಪಾದರಕ್ಷೆ ಕಳಚಿ, ಬಿಳಿಯ ಹತ್ತಿಯ ಹೊದಿಕೆ ಹೊದ್ದು, ಗಂಡಸರು ಒಂದು ಕಡೆ ಹೆಂಗಸರು ಇನ್ನೊಂದು ಕಡೆ ಗಂಟೆಗಟ್ಟಲೆ ನಿಂತೇ ಇರುತ್ತಾರೆ. ಪೂಜೆಯ ಭಾಷೆ ಗೀಜ್; ಆಡುಭಾಷೆಯಾಗಿ ಅದು ಎಂದೋ ಮರೆಯಾಗಿರುವುದರಿಂದ, ಅರ್ಥವಾಗದೆ ನಿಂತಿರುವವರಲ್ಲಿ ಪರದೇಶದ ಸ್ವಯಂಸೇವಕರೊಬ್ಬರೇ ಅಲ್ಲ ಎಂಬುದು ಒಂದು ಸಮಾಧಾನ. ಆರನೆಯ ಶತಮಾನದ ಸಂತ ಯಾರೇದನ ಹೆಸರಿಗೆ ಜೋಡಿಸುವ ಸ್ವರಗಳಲ್ಲಿ ದೆಬ್ತೆರಾ ಎಂಬ ವಿದ್ವಾಂಸ ಗಾಯಕರು ಹಾಡುತ್ತ, ಉದ್ದನೆಯ ಊರುಗೋಲುಗಳನ್ನು ಲಯಕ್ಕೆ ತಕ್ಕಂತೆ ಎತ್ತಿಳಿಸುತ್ತ, ಲೋಹದ ಗಿಲಕಿಗಳನ್ನು ಅಲುಗಿಸುತ್ತ, ಹೆಗಲಿಗೆ ತೂಗುಹಾಕಿದ ದೊಡ್ಡ ನಗಾರಿಯ ಬಡಿತಕ್ಕೆ ನಿಧಾನವಾಗಿ ಹೆಜ್ಜೆಹಾಕುತ್ತಾರೆ. ಇದೇ ಆಚರಣೆಯನ್ನು ಬೃಹತ್ತಾಗಿ ಕಾಣಬೇಕಾದರೆ ಲಾಲಿಬೆಲಾಕ್ಕೆ ಹೋಗಬೇಕು: ಹನ್ನೆರಡನೆಯ ಶತಮಾನದ ಕೊನೆ ಮತ್ತು ಹದಿಮೂರನೆಯದರ ಆದಿಯಲ್ಲಿ ಆಳಿದ ಲಾಲಿಬೆಲಾ ದೊರೆ ಕೊರೆಸಿದನೆಂದು ನಂಬುವ ಹನ್ನೊಂದು ಏಕಶಿಲಾ ಚರ್ಚುಗಳ ಆ ಊರಿನಲ್ಲಿ, ದೊರೆಯ ಹುಟ್ಟಿದ ದಿನವೂ ಇದೇ ಆದ್ದರಿಂದ, ಬಿಳಿ ಉಟ್ಟ ಯಾತ್ರಿಕರು ದಿನಗಟ್ಟಲೆ ನಡೆದು ಬಂದು ಸೇರುತ್ತಾರೆ, ಬೇತೆ ಮಾರ್ಯಾಮ್ ಚರ್ಚಿನ ಸುತ್ತಣ ಬಂಡೆಯ ಅಂಚಿನ ಮೇಲೆ ಒಂದು ಸಾಲು ಪಾದ್ರಿಗಳು, ಕೆಳಗಿನ ಅಂಗಳದಲ್ಲಿ ಇನ್ನೊಂದು ಸಾಲು ನಿಂತು ಸ್ವರ್ಗವೂ ಭೂಮಿಯೂ ಪರಸ್ಪರ ಉತ್ತರಿಸುವಂತೆ ಹಾಡುತ್ತಾರೆ.

ಊರಿನ ಹಬ್ಬವಾದರೋ ನಡೆಯುವುದು ಮನೆಗಳಲ್ಲಿ. ಅದಕ್ಕೆ ವಾರಗಳ ಮೊದಲೇ ಸಿದ್ಧತೆಯಿರುತ್ತದೆ: ಬಾರ್ಲಿಯನ್ನು ಮೊಳಕೆ ಬರಿಸಿ ಗೆಶೊ ಎಂಬ ಗಿಡದ ಎಲೆ ಸೇರಿಸಿ ತೆಲ್ಲಾ ಎಂಬ ಮನೆಯ ಬಿಯರನ್ನು ಹೂಡುತ್ತಾರೆ, ಅನುಕೂಲಸ್ಥರಾದರೆ ಜೇನುತುಪ್ಪದಿಂದ ತೆಜ್ ಎಂಬ ಮಧುವನ್ನೂ ಮಾಡುತ್ತಾರೆ. ಸಂತೆಯಲ್ಲಿ ಕೋಳಿ, ಮೊಟ್ಟೆ, ಈರುಳ್ಳಿ, ಬೆಣ್ಣೆಗಳ ಬೆಲೆ ಏರುತ್ತದೆ, ಮತ್ತು ಆ ವಾರವೆಲ್ಲ ಊರಿನ ಮಾತೇ ಅದು. ಬೀದಿಯ ಹತ್ತಾರು ಮನೆಗಳವರು ಹಣ ಹಾಕಿ ಒಂದು ಹೋರಿಯನ್ನು ಕೊಂಡು, ಹಬ್ಬದ ಬೆಳಗ್ಗೆ ಕೊಯ್ದು, ಮಾಂಸ, ಈಲಿ, ಕರುಳು, ಎಲುಬು ಎಲ್ಲದರಲ್ಲೂ ಒಂದೊಂದು ತುಂಡು ಎಲ್ಲರಿಗೂ ಬರುವಂತೆ ಎಲೆಗಳ ಮೇಲೆ ಸಮನಾದ ರಾಶಿಗಳನ್ನಿಟ್ಟು, ಚೀಟಿ ಎತ್ತಿ ಹಂಚಿಕೊಳ್ಳುವ ಪದ್ಧತಿಗೆ ಕಿರ್ಚಾ ಎಂದು ಹೆಸರು. ಯುಗಾದಿಯ ಮರುದಿನ ಹೊಸತೊಡಕಿಗೆ ಮಂಡ್ಯ, ರಾಮನಗರದ ಊರುಗಳಲ್ಲಿ ಗುಡ್ಡೆ ಬಾಡು ಹಾಕಿ ಹಂಚಿಕೊಳ್ಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಿರ್ಚಾದಲ್ಲಿ ಪಾಲುಗಾರರಾಗಿ ಸೇರಿಸಿಕೊಳ್ಳುವುದೆಂದರೆ ಬೀದಿಯ ಒಂದು ಮನೆಯೆಂದು ಲೆಕ್ಕಕ್ಕೆ ತೆಗೆದುಕೊಂಡಂತೆ. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವ ಸ್ವಯಂಸೇವಕರಿಗೆ ಅಷ್ಟು ಮಾಂಸ ಇಟ್ಟುಕೊಳ್ಳುವುದಕ್ಕೆ ಫ್ರಿಜ್ಜೂ ಇರುವುದಿಲ್ಲ, ಬೇಯಿಸುವ ವಿದ್ಯೆಯೂ ಇರುವುದಿಲ್ಲ. ಪಾಲು ಪಡೆದು ಅದನ್ನು ಮನೆಯೊಡತಿಯ ಕೈಗೊಪ್ಪಿಸುವುದು ಸಾಮಾನ್ಯವಾಗಿ ಕಂಡುಬರುವ ಪರಿಹಾರ.

ಹಬ್ಬದ ಮುಖ್ಯ ಅಡುಗೆ ದೋರೊ ವತ್, ಅಂದರೆ ಕೋಳಿಯ ಸಾರು. ಹಕ್ಕಿಯನ್ನು ಕೊಯ್ಯುವುದು ಗಂಡಸರ ಕೆಲಸ, ಉಳಿದದ್ದೆಲ್ಲ ಹೆಂಗಸರದ್ದು, ಮತ್ತು ಆ ಉಳಿದದ್ದು ಸಣ್ಣದಲ್ಲ. ಕೋಳಿಯನ್ನು ಸಂಪ್ರದಾಯದಂತೆ ಹನ್ನೆರಡು ತುಂಡು ಮಾಡಿ ನಿಂಬೆರಸ ಉಪ್ಪು ಹಾಕಿ ಮತ್ತೆ ಮತ್ತೆ ತೊಳೆಯಬೇಕು. ಕಿಲೋಗಟ್ಟಲೆ ಈರುಳ್ಳಿಯನ್ನು ನುಣ್ಣಗೆ ಹೆಚ್ಚಿ, ಎಣ್ಣೆಯನ್ನೇ ಹಾಕದೆ, ತಳ ಹಿಡಿಯದಂತೆ ಕೈಯಾಡಿಸುತ್ತ ಗಂಟೆಗಟ್ಟಲೆ ಬಾಡಿಸಬೇಕು. ಅದು ಕಪ್ಪೇರಿದ ಮೇಲೆ ಒಣಮೆಣಸು, ಬೆಳ್ಳುಳ್ಳಿ, ಶುಂಠಿ, ಕಾಡೇಲಕ್ಕಿ ಮೊದಲಾದವುಗಳನ್ನು ಕುಟ್ಟಿ ಮಾಡಿದ ಬೆರ್ಬೆರೆ ಎಂಬ ಕೆಂಪು ಪುಡಿಯನ್ನು, ಆಮೇಲೆ ಸಾಂಬಾರವಸ್ತು ಹಾಕಿ ಕಾಸಿದ ತುಪ್ಪವನ್ನು ಬೆರೆಸಿ, ಕೊನೆಗೆ ಬೇಯಿಸಿ ಸುಲಿದ ಮೊಟ್ಟೆಗಳನ್ನು ಇಳಿಬಿಡಬೇಕು. ಇದನ್ನು ಉಣ್ಣುವುದು ಇಂಜೆರಾದೊಡನೆ. ರಾಗಿಗಿಂತಲೂ ಸಣ್ಣಕಾಳಾದ ಟೆಫ್‌ನ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಮಣ್ಣಿನ ಹೆಂಚಿನ ಮೇಲೆ ಹುಯ್ದು, ಒಂದೇ ಮಗ್ಗುಲು ಬೇಯಿಸಿದ ಮೆದು ರೊಟ್ಟಿ ಅದು. ರಾಗಿಯ ಹೆಸರು ಬಂದದ್ದರಿಂದ ಒಂದು ಮಾತು: ಆ ಬೆಳೆಯ ತವರು ಪೂರ್ವ ಆಫ್ರಿಕದ ಇದೇ ಎತ್ತರದ ನಾಡೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ, ದಗುಸಾ ಎಂಬ ಹೆಸರಿನಲ್ಲಿ ಅದನ್ನು ಅಲ್ಲಿ ಈಗಲೂ ಇಂಜೆರಾಕ್ಕೂ ತೆಲ್ಲಾಕ್ಕೂ ಬಳಸುತ್ತಾರೆ. ಕನ್ನಡ ನಾಡಿನ ಬಯಲುಸೀಮೆಯ ಮುದ್ದೆಯೂ, ಬಾಬಾಬುಡನ್ ಯೆಮನ್ನಿನಿಂದ ಚಂದ್ರದ್ರೋಣ ಪರ್ವತಕ್ಕೆ ತಂದನೆಂದು ಕಥೆಯಿರುವ ಕಾಫಿಯೂ ಮೂಲದಲ್ಲಿ ಆ ಸೀಮೆಗೇ ಸೇರಿದವು.

ಊಟಕ್ಕೆ ಎಲ್ಲರಿಗೂ ಒಂದೇ ಹರಿವಾಣ. ಇಲ್ಲಿಯೇ ಅತಿಥಿಯ ಸಂಕಟಗಳು ಶುರುವಾಗುವುದು. ಪಕ್ಕದಲ್ಲಿ ಕುಳಿತವರು ಇಂಜೆರಾದಲ್ಲಿ ಮಾಂಸವನ್ನು ಸುತ್ತಿ ನೇರವಾಗಿ ಅತಿಥಿಯ ಬಾಯಿಗಿಡುವ ಗುರ್ಶಾ ಎಂಬ ಉಪಚಾರವನ್ನು ನಿರಾಕರಿಸುವಂತಿಲ್ಲ. ತುತ್ತು ದೊಡ್ಡದಾದಷ್ಟೂ ಪ್ರೀತಿ ಹೆಚ್ಚೆಂದು ಲೆಕ್ಕ, ಒಂದೇ ತುತ್ತಿಗೆ ನಿಲ್ಲಿಸುವುದು ಶುಭವಲ್ಲವೆಂದು ಎರಡನೆಯದೂ ಬರುತ್ತದೆ. ಹೋರಿಯ ಮಾಂಸದ ಒಳ್ಳೆಯ ಭಾಗವನ್ನು ಹಸಿಯಾಗಿಯೇ ಖಾರದಲ್ಲಿ ಅದ್ದಿ ತಿನ್ನುವುದು ಹಬ್ಬದ ಗೌರವದ ಉಪಚಾರ, ಆದರೆ ಹಸಿಮಾಂಸದಿಂದ ಲಾಡಿಹುಳು ಬರುತ್ತದೆಂದು ಸ್ವಯಂಸೇವಕರಿಗೆ ತರಬೇತಿಯಲ್ಲೇ ಎಚ್ಚರಿಸಿರುತ್ತಾರೆ. ಅಲ್ಲಿಯ ಜನರಿಗೆ ಇದು ತಿಳಿಯದ ಸಂಗತಿಯೇನಲ್ಲ. ಕೊಸ್ಸೊ ಎಂಬ ಮರದ ಹೂಗಳಿಂದ ಲಾಡಿಹುಳುವಿಗೆ ಮದ್ದು ಮಾಡಿ ಕುಡಿಯುವ ವಾಡಿಕೆ ಶತಮಾನಗಳಷ್ಟು ಹಳೆಯದು, ಆ ಔಷಧಿ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವೈದ್ಯರ ಪಟ್ಟಿಗೂ ಸೇರಿತ್ತು. ವೈದ್ಯರು ಬೇಡವೆಂದಿದ್ದಾರೆ ಎಂಬ ನೆಪವನ್ನು ಎಲ್ಲ ಮನೆಗಳಲ್ಲೂ ಸಲೀಸಾಗಿ ಒಪ್ಪಿಕೊಂಡು, ಅದರ ಬದಲಿಗೆ ಇನ್ನೊಂದು ಸೌಟು ದೋರೊ ವತ್ ಬಡಿಸುತ್ತಾರೆ. ಒಂದು ಮನೆಯಲ್ಲಿ ಉಂಡು ಇನ್ನೊಂದನ್ನು ಬಿಟ್ಟರೆ ಮುನಿಸು, ಆದ್ದರಿಂದ ಅಂದು ನಾಲ್ಕೈದು ಮನೆಗಳಲ್ಲಿ ಉಣ್ಣಬೇಕು. ಆರು ವಾರ ಬೇಳೆ ಸೊಪ್ಪಿಗೆ ಒಗ್ಗಿದ ಹೊಟ್ಟೆ ತುಪ್ಪಕ್ಕೂ ಮಾಂಸಕ್ಕೂ ಒಮ್ಮೆಗೇ ತೆರೆದುಕೊಳ್ಳುವಾಗ ಆಗುವ ತೊಂದರೆ ಊರಿನವರಿಗೂ ತಪ್ಪಿದ್ದಲ್ಲ. ಕೊನೆಯಲ್ಲಿ ನೆಲಕ್ಕೆ ಹಸಿರು ಹುಲ್ಲು ಹರಡಿ, ಸಾಂಬ್ರಾಣಿ ಹಾಕಿ, ಕಾಫಿಬೀಜವನ್ನು ಅತಿಥಿಗಳ ಮುಂದೆಯೇ ಹುರಿದು ಕುಟ್ಟಿ, ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತು ಆಶೀರ್ವಾದದ್ದು, ಅದಕ್ಕೆ ಮೊದಲು ಏಳುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಇದೇ ಚರ್ಚು ಕಾಫಿಯನ್ನು ಮುಸ್ಲಿಮರ ಪಾನೀಯವೆಂದು ದೂರವಿಟ್ಟಿತ್ತೆಂಬುದನ್ನು ಇಂದು ಯಾರೂ ನಂಬಲಾರರು.

ದೇಶದ ಮೂರನೆಯ ಒಂದು ಭಾಗದಷ್ಟು ಜನ ಮುಸ್ಲಿಮರು. ವೊಲ್ಲೊದಂಥ ಸೀಮೆಗಳಲ್ಲಿ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಬಂಧುಬಳಗದಲ್ಲಿ ಎರಡೂ ಮತದವರಿರುತ್ತಾರೆ. ಒಬ್ಬರು ಕೊಯ್ದ ಮಾಂಸವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹಾಗೆಂದು ಹಬ್ಬಕ್ಕೆ ಕರೆಯದೆಯೂ ಬಿಡುವುದಿಲ್ಲ. ನೆರೆಯವರಿಗೆಂದು ಬೇರೆ ಅಡುಗೆ ಮಾಡಿಸುವುದು, ಹಣ್ಣು ಕಾಫಿಗಳಲ್ಲೇ ಉಪಚರಿಸುವುದು ಅಲ್ಲಿಯ ಬಳಕೆ. ಎರಡೂ ಕಡೆ ಉಣ್ಣಬಲ್ಲ ಸ್ವಯಂಸೇವಕರು ಇಂಥ ಊರುಗಳಲ್ಲಿ ಒಂದು ವಿಚಿತ್ರವಾದ ಜಾಗದಲ್ಲಿರುತ್ತಾರೆ. ಪೀಸ್ ಕೋರ್ ತನ್ನವರಿಗೆ ಮತಪ್ರಚಾರವನ್ನು ಕಟ್ಟುನಿಟ್ಟಾಗಿ ನಿಷೇಧಿಸಿರುವುದು ಆ ಜಾಗವನ್ನು ಕಾಪಾಡುವುದಕ್ಕೆ ನೆರವಾಗಿದೆ.

ಮಧ್ಯಾಹ್ನದ ಮೇಲೆ ಬಯಲಿನಲ್ಲಿ ಗೆನ್ನಾ ಎಂಬ ಹೆಸರಿನದೇ ಆಟ. ತುದಿ ಬಾಗಿದ ಕೋಲುಗಳಿಂದ ಮರದ ಚೆಂಡನ್ನು ಹೊಡೆಯುವ ಹಾಕಿಯಂಥ ಈ ಆಟಕ್ಕೆ ತಂಡದಲ್ಲಿ ಎಷ್ಟು ಜನವೆಂಬ ಮಿತಿಯಿಲ್ಲ. ಕ್ರಿಸ್ತ ಹುಟ್ಟಿದ ಸುದ್ದಿ ಕೇಳಿ ಕುರುಬರು ಹರ್ಷದಿಂದ ತಮ್ಮ ಕೋಲುಗಳಲ್ಲೇ ಆಡಿದರೆಂಬುದು ಅದರ ಮೂಲದ ಬಗ್ಗೆ ಇರುವ ಐತಿಹ್ಯ. ಗೆನ್ನಾ ಆಟದಲ್ಲಿ ಒಡೆಯ ಕೋಪಿಸಿಕೊಳ್ಳುವಂತಿಲ್ಲ ಎಂಬ ಅಮ್ಹಾರಿಕ್ ಗಾದೆಯೊಂದು ಪ್ರಸಿದ್ಧ: ಆ ಒಂದು ದಿನ ಆಳು ಧಣಿಯ ಕಾಲಿಗೆ ಹೊಡೆದರೂ ಕ್ಷಮೆ. ತಮ್ಮ ಮೇಷ್ಟರಾದ ಪರದೇಶದವರನ್ನು ಹುಡುಗರು ಆಟಕ್ಕೆ ಎಳೆದೊಯ್ದರೆ ಇದೇ ಪರವಾನಗಿ ಅವರಿಗೂ ಒದಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಈ ಎರಡು ದಿನಾಂಕಗಳ ಇಕ್ಕಟ್ಟು ಪಶ್ಚಿಮದವರಿಗೆ ಮಾತ್ರ ಒದಗಿದ್ದಲ್ಲ. 1941ರಲ್ಲಿ ಇಟಲಿಯ ಆಕ್ರಮಣ ಕೊನೆಗೊಂಡ ಮೇಲೆ ಶಾಲೆಗಳನ್ನು ಹೊಸದಾಗಿ ಕಟ್ಟಬೇಕಾಗಿದ್ದ ಚಕ್ರವರ್ತಿಯ ಸರಕಾರ ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರನ್ನು ಕರೆಸಿಕೊಂಡಿತು. ದೂರದ ಪ್ರಾಂತಗಳಲ್ಲಿ ಗಣಿತ ವಿಜ್ಞಾನಗಳನ್ನು ಹೇಳಿಕೊಟ್ಟ ಆ ಭಾರತೀಯ ಮೇಷ್ಟರುಗಳನ್ನು ಹಿರಿಯ ಇಥಿಯೋಪಿಯನ್ನರು ಇಂದಿಗೂ ನೆನೆಯುತ್ತಾರೆ. ಅವರು ಸಂಬಳಕ್ಕೆ ಬಂದವರು, ಸ್ವಯಂಸೇವಕರಲ್ಲ. ಆದರೆ ಅವರಲ್ಲಿ ಬಹಳಷ್ಟು ಜನ ಕೇರಳದ ಕ್ರೈಸ್ತರು, ಹಲವರು ಮಲಂಕರ ಆರ್ಥೊಡಾಕ್ಸ್ ಸಭೆಯವರು. ಆ ಸಭೆಯೂ ಇಥಿಯೋಪಿಯಾದ ಸಭೆಯೂ ಒಂದೇ ಪ್ರಾಚ್ಯ ಪರಂಪರೆಗೆ ಸೇರಿ ಪರಸ್ಪರ ಪ್ರಸಾದವನ್ನು ಹಂಚಿಕೊಳ್ಳುತ್ತವೆ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರ ಒಂದು ಸಮುದಾಯ ಇರುವುದರಿಂದ ಕರ್ನಾಟಕಕ್ಕೂ ಈ ನಂಟು ಉಂಟು. ಮಲಂಕರದವರು ಕ್ರಿಸ್‌ಮಸ್ ಆಚರಿಸುವುದು ಡಿಸೆಂಬರ್ 25ಕ್ಕೆ. ಹೀಗೆ ನಂಬಿಕೆ ಒಂದೇ ಆಗಿ ದಿನಾಂಕ ಬೇರೆಯಾದವರ ಸಾಲಿನಲ್ಲಿ 1947ರಲ್ಲಿ ತರುಣ ಶಿಕ್ಷಕನಾಗಿ ಇಥಿಯೋಪಿಯಾಕ್ಕೆ ಹೋದ ಪೌಲ್ ವರ್ಗೀಸ್ ಒಬ್ಬರು. ಅಮ್ಹಾರಿಕ್ ಭಾಷೆಯನ್ನು ಚೆನ್ನಾಗಿ ಕಲಿತು ಚಕ್ರವರ್ತಿಯ ಸಲಹೆಗಾರರಾದ ಅವರು, ಮುಂದೆ ಪೌಲೋಸ್ ಮಾರ್ ಗ್ರೆಗೋರಿಯೋಸ್ ಎಂಬ ಹೆಸರಿನ ಬಿಷಪ್ಪರಾಗಿ, ಜಾಗತಿಕ ಚರ್ಚುಗಳ ಮಂಡಳಿಯ ಅಧ್ಯಕ್ಷರಲ್ಲಿ ಒಬ್ಬರೂ ಆದರು. 1965ರ ಜನವರಿಯಲ್ಲಿ ಪ್ರಾಚ್ಯ ಆರ್ಥೊಡಾಕ್ಸ್ ಸಭೆಗಳ ಮುಖ್ಯಸ್ಥರು ಶತಮಾನಗಳ ನಂತರ ಒಂದೆಡೆ ಸೇರಿದ್ದು ಅಡಿಸ್ ಅಬಾಬಾದಲ್ಲಿಯೇ.

ಸ್ವಯಂಸೇವೆಯ ಕಟುವಾದ ಟೀಕೆಗಳಲ್ಲೊಂದು ಬಂದದ್ದು 1968ರಲ್ಲಿ. ಶಾಲೆ ಮತ್ತು ವೈದ್ಯಪದ್ಧತಿಗಳ ವಿಮರ್ಶೆಯಿಂದ ಕನ್ನಡದ ಓದುಗರಿಗೂ ಪರಿಚಿತರಾದ ಚಿಂತಕ ಇವಾನ್ ಇಲಿಚ್, ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಗೆ ರಜೆಯ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಕ್ವೆರ್ನವಾಕಾ ನಗರದಲ್ಲಿ ಮಾಡಿದ ಭಾಷಣದಲ್ಲಿ, ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಆದರೆ ಸಹಾಯ ಮಾಡಲು ಬರಬೇಡಿ ಎಂಬ ಅರ್ಥದ ಮಾತುಗಳನ್ನಾಡಿದರು. ಹಳ್ಳಿಯವರೊಡನೆ ಅವರದೇ ಭಾಷೆಯಲ್ಲಿ ಮಾತಾಡಲಾರದವರು, ಅವರಿಂದ ಏನನ್ನೂ ಪಡೆಯದೆ ಕೊಡುವುದಕ್ಕೆ ಮಾತ್ರ ಬಂದವರು, ತಮಗರಿವಿಲ್ಲದೆ ತಮ್ಮ ಬದುಕಿನ ರೀತಿಯನ್ನೇ ಮಾರುತ್ತಾರೆ ಎಂಬುದು ಅವರ ವಾದದ ತಿರುಳು. ಕ್ರಿಸ್‌ಮಸ್ ರಜೆಯಲ್ಲಿ ಹಣ ತೆತ್ತು ಅನಾಥಾಲಯಗಳಿಗೆ ಹೋಗಿ ಮಕ್ಕಳೊಡನೆ ಫೋಟೋ ತೆಗೆಸಿಕೊಂಡು ಬರುವ ಇಂದಿನ ಪ್ರವಾಸಗಳ ಮಟ್ಟಿಗೆ ಆ ಟೀಕೆ ಅಂದಿಗಿಂತ ಇಂದು ಹೆಚ್ಚು ನಿಜ. ದೀರ್ಘಾವಧಿಯ ಸೇವೆಗೂ ಅದು ಪೂರ್ತಿ ಅನ್ವಯಿಸುವುದೆಂದು ಹೇಳಲಾಗದು, ಪೂರ್ತಿ ಅನ್ವಯಿಸದೆಂದೂ ಹೇಳಲಾಗದು. ಎರಡು ವರ್ಷದ ಇಂಗ್ಲಿಷ್ ಪಾಠದಿಂದ ಒಂದು ಊರಿಗೆ ಆದ ಲಾಭವನ್ನು ಅಳೆಯುವುದು ಕಷ್ಟ, ಆ ಸ್ವಯಂಸೇವಕರಿಗೆ ಆದ ಲಾಭವನ್ನು ಅವರೇ ಧಾರಾಳವಾಗಿ ಒಪ್ಪಿಕೊಳ್ಳುತ್ತಾರೆ. ಆದರೆ ಗೆನ್ನಾದ ದಿನ ಇಲಿಚ್ ಕೇಳಿದ್ದು ತಾನಾಗಿ ನಡೆದುಹೋಗುತ್ತದೆ: ಅಂದು ಸ್ವಯಂಸೇವಕರ ಕೈಯಲ್ಲಿ ಪಾಠವಿಲ್ಲ, ಔಷಧಿಯಿಲ್ಲ, ಯೋಜನೆಯ ಹಣವಿಲ್ಲ, ಊರಿನವರ ತೆಲ್ಲಾ, ಊರಿನವರ ಕೋಳಿ, ಊರಿನವರ ಭಾಷೆ. ಅಂದು ಹೊತ್ತ ಋಣ ನೆರೆಹೊರೆಯ ಮಾಮೂಲು ಲೆಕ್ಕದೊಳಗಿನದು. ಮಗುವಿನ ನಾಮಕರಣಕ್ಕೆ, ಸಾವಿನ ಮನೆಗೆ, ಮುಂದಿನ ಹಬ್ಬಕ್ಕೆ ಹೋಗಿ ತೀರಿಸಬೇಕಾದದ್ದು.

ಎರಡನೆಯ ವರ್ಷದ ಡಿಸೆಂಬರ್ 25 ಬರುವ ವೇಳೆಗೆ ಸ್ವಯಂಸೇವಕರಿಗೆ ಈ ಲೆಕ್ಕ ತಿಳಿದಿರುತ್ತದೆ. ತಮ್ಮ ಹಬ್ಬಕ್ಕೆ ನೆರೆಯವರನ್ನು ಕರೆಯುವುದಾದರೆ ಅವರೆಲ್ಲ ವ್ರತದಲ್ಲಿರುವುದರಿಂದ, ಊಟ ಮಧ್ಯಾಹ್ನದ ಮೇಲೆಯೇ ಇರಬೇಕು, ಕೇಕನ್ನು ಮೊಟ್ಟೆ ಬೆಣ್ಣೆ ಇಲ್ಲದೆ ಎಣ್ಣೆಯಲ್ಲೇ ಮಾಡಬೇಕು, ಪಾತ್ರೆಗೆ ತುಪ್ಪ ತಾಗಿರಬಾರದು. ಮನೆಯೊಡತಿಯ ಹೆಂಚನ್ನೂ ಒಲೆಯನ್ನೂ ಎರವಲು ಪಡೆಯಬೇಕಾದ್ದರಿಂದ ಅಡುಗೆಯ ಅರ್ಧ ಕೆಲಸ ಆಕೆಯ ಪಾಲಿಗೇ ಬೀಳುತ್ತದೆ, ಶಿರೊ ಸಾಲದೆಂದು ಆಕೆ ತನ್ನ ಮನೆಯಿಂದ ಇನ್ನೊಂದು ಪಾತ್ರೆಯನ್ನೂ ತರುತ್ತಾಳೆ. ಇಷ್ಟೆಲ್ಲ ರಗಳೆಯೇಕೆಂದು ಹಬ್ಬವನ್ನೇ ಜನವರಿ 7ಕ್ಕೆ ಮುಂದೂಡಿ, ಕಿರ್ಚಾದ ಪಾಲಿಗೆ ಮುಂಗಡ ಕೊಟ್ಟು ಸುಮ್ಮನಾಗುವವರೂ ಇದ್ದಾರೆ.